ಮಾಸ್ಟರ್ ಬರೆದುಕೊಟ್ಟ ರಾಜೀನಾಮೆ

ಅವರ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ. ಎಡಗೈ ತುಂಬ ದಟ್ಟ ರೋಮ, ಬಲಗೈ ಮಾತ್ರ ಸೌಟಿನ ಹಿಡಿಯ ಹಾಗೆ ನುಣುಪು. ಮೂವತ್ತು ವರ್ಷ ದೋಸೆ ಕಾವಲಿಯ ಮೇಲೆ ಚಾಚಿದ ಕೈ ಅದು. ‘ಸುಟ್ಟುಕೊಂಡದ್ದಾ?’ ಎಂದು ಮೊದಲ ದಿನವೇ ಕೇಳಿಬಿಟ್ಟಿದ್ದೆ. ‘ಇಲ್ಲ ಮಾರಾಯ್ತಿ, ಸೆಖೆ ತಡೀಲಿಕ್ಕಾಗದೆ ಕೂದಲೇ ಬಿಟ್ಟು ಹೋಯ್ತು. ನಾನೊಬ್ಬ ಉಳಿದೆ’ ಎಂದು ನಕ್ಕಿದ್ದರು.

ಗುರುಗ್ರಾಮದ ಒಂದು ದೊಡ್ಡ ಕಂಪನಿಯ ಎಚ್‌ಆರ್ ವಿಭಾಗಕ್ಕೆ ನಾನು ಆಗಷ್ಟೇ ಸೇರಿದ್ದೆ. ಕುಂದಾಪುರದ ಕಡೆಯವರಾದ ಅವರು ಅಲ್ಲಿನ ಕ್ಯಾಂಟೀನಿನ ಮುಖ್ಯ ಅಡುಗೆಯವರು. ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನ ಕನ್ನಡವೋ, ದೇವರಿಗೇ ಪ್ರೀತಿ. ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು ನಾನು. ಅಮ್ಮ ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಎದುರುತ್ತರ ಕೊಡುತ್ತಿದ್ದೆ. ಓದಲು ಒಂದಕ್ಷರವೂ ಬರುತ್ತಿರಲಿಲ್ಲ. ಅವರ ಕಥೆ ಇದಕ್ಕೆ ತಿರುಗುಮುರುಗು. ದೆಹಲಿಗೆ ಬಂದಾಗಿನಿಂದ ಊರಿನವರ ಹೋಟೆಲುಗಳಲ್ಲೇ, ಊರಿನವರ ನಡುವೆಯೇ ಬದುಕಿದವರು. ‘ಲಾವೋ, ರಖೋ, ಗರಂ ಹೈ, ಹಟೋ’ ಎನ್ನುವಷ್ಟರಲ್ಲಿ ಅವರ ಹಿಂದಿ ಮುಗಿಯುತ್ತಿತ್ತು.

ಒಮ್ಮೆ ‘ಮಾಸ್ಟರ್, ನಾನು ದೋಸೆ ತಿಂದಿದೆ’ ಎಂದೆ. ಹಿಂದಿಯ ‘ಖಾಯಾ ಹೈ’ ತಲೆಯಲ್ಲಿತ್ತಲ್ಲ! ಅವರು ಸೌಟು ಕೆಳಗಿಟ್ಟು, ‘ಹೌದಾ? ದೋಸೆ ಯಾರನ್ನ ತಿಂದಿದೆ?’ ಎಂದರು. ಆಮೇಲೆ ಕ್ಯಾಂಟೀನಿನ ತುಂಬ ಅದೇ ತಮಾಷೆ. ದಿನಾ ನನ್ನ ಮುಖ ನೋಡಿಯೇ, ‘ಎಂತ, ಇವತ್ತೂ ಮ್ಯಾನೇಜರ್ ಬೈದ್ನಾ? ಇನ್ನೊಂದು ತಕೋ’ ಎಂದು ತಟ್ಟೆಗೆ ಹಾಕುವರು. ಅಷ್ಟು ದೊಡ್ಡ ಕಟ್ಟಡದಲ್ಲಿ ನನ್ನ ಮುಖ ನೋಡಿ ಮಾತಾಡುತ್ತಿದ್ದವರು ಅವರೊಬ್ಬರೇ.

ಕ್ಯಾಂಟೀನಿನವರೆಲ್ಲ ಕಂಟ್ರಾಕ್ಟರನ ಆಳುಗಳು. ಯಾರು ಏನು ಕೇಳಿದರೂ, ‘ನೀವು ನಮ್ಮ ನೌಕರರಲ್ಲ’ ಎಂದು ಉತ್ತರ ಕೊಡುವುದು ನಮ್ಮ ವಿಭಾಗದ ಕೆಲಸ. ‘ಜಾಗ ನಿಮ್ಮದು, ಒಲೆ ನಿಮ್ಮದು, ಊಟ ಮಾಡುವವರು ನೀವು. ಬೆವರು ಮಾತ್ರ ಕಂಟ್ರಾಕ್ಟರಂದಾ?’ ಎಂದು ಮಾಸ್ಟರ್ ಕೇಳುತ್ತಿದ್ದರು. ನಾನು ಸಾಂಬಾರಿನ ಕಡೆ ನೋಡುತ್ತಿದ್ದೆ.

ಹಾಜರಿ ಪುಸ್ತಕದಲ್ಲಿ ಎಲ್ಲರ ಸಹಿಯನ್ನೂ ಕಂಟ್ರಾಕ್ಟರನ ಮೇಲ್ವಿಚಾರಕನೇ ಗೀಚುತ್ತಿದ್ದ. ಯಾರು ಎಷ್ಟು ದಿನ ದುಡಿದರು ಎಂಬುದು ಅವನ ಇಷ್ಟ. ಮಾಸ್ಟರ್ ಅದನ್ನು ನಿಲ್ಲಿಸಿದರು. ‘ಅವರವರ ಸಹಿ ಅವರವರೇ ಹಾಕ್ಬೇಕು’ ಎಂದು ಹಟ ಹಿಡಿದರು. ಪಾತ್ರೆ ತೊಳೆಯುವ, ಬಿಹಾರದ ಇಬ್ಬರು ಹೆಂಗಸರಿಗೆ ಬರೆಯಲು ಬರುತ್ತಿರಲಿಲ್ಲ. ಅವರಿಗೆ ಮೈದಾ ಹಿಟ್ಟಿನ ಮೇಲೆ ಬೆರಳಿನಿಂದ ತಿದ್ದಿಸಿ ಹೆಸರು ಬರೆಯಲು ಕಲಿಸಿದರು. ಯಾವ ಲಿಪಿ? ಮಾಸ್ಟರಿಗೆ ಬರುತ್ತಿದ್ದುದು ಒಂದೇ! ಹೀಗೆ ಬಿಹಾರದ ಇಬ್ಬರು ಗುರುಗ್ರಾಮದ ಹಾಜರಿ ಪುಸ್ತಕದಲ್ಲಿ ಠೀವಿಯಿಂದ ಕನ್ನಡದಲ್ಲಿ ಸಹಿ ಹಾಕತೊಡಗಿದರು. ಇದೇನು ಚಿತ್ರ ಎಂದು ಮೇಲ್ವಿಚಾರಕ ನನ್ನನ್ನು ಕೇಳಿದ. ನನಗೂ ಓದಲು ಬಾರದು, ಆದರೂ ‘ಸರಿಯಾಗಿದೆ’ ಎಂದೆ.

ಆ ಸಹಿಗಳಿಂದಲೇ ಯೂನಿಯನ್ ಹುಟ್ಟಿತು. ಹದಿನೇಳು ಜನ, ಮಾಸ್ಟರೇ ಮುಖ್ಯಸ್ಥರು. ಮೊದಲ ಬೇಡಿಕೆ ವಾರಕ್ಕೊಂದು ರಜೆ. ಮುಂದಿನ ಭಾನುವಾರ ಆ ಇಬ್ಬರು ಹೆಂಗಸರು ಧೈರ್ಯ ಮಾಡಿ ಮನೆಯಲ್ಲಿ ಉಳಿದರು. ಸೋಮವಾರ ಗೇಟಿನಲ್ಲೇ ಅವರನ್ನು ತಡೆದು ವಾಪಸ್ ಕಳಿಸಲಾಯಿತು. ಮಾಸ್ಟರ್ ಕಾರ್ಮಿಕ ಇಲಾಖೆಗೆ ದೂರು ಕೊಟ್ಟರು.

ವಿಚಾರಣೆಯ ದಿನ ಕಂಪನಿಯ ಪರವಾಗಿ ನಮ್ಮ ಮ್ಯಾನೇಜರ್ ಹೋದ, ಭಾಷೆಗೆಂದು ನನ್ನನ್ನೂ ಕರೆದೊಯ್ದ. ಮಾಸ್ಟರ್ ಒಬ್ಬರೇ ಇದ್ದರು. ಜೊತೆಗೆ ಬರಬೇಕಿದ್ದ ವಕೀಲರು ಬೇರೆ ಕೇಸಿನಲ್ಲಿ ಸಿಕ್ಕಿಕೊಂಡಿದ್ದರು. ಅಧಿಕಾರಿ ನ್ಯಾಯವಂತ ಮನುಷ್ಯ. ಮ್ಯಾನೇಜರನನ್ನು ಅರ್ಧ ಗಂಟೆ ತರಾಟೆಗೆ ತೆಗೆದುಕೊಂಡರು. ಹೆಂಗಸರನ್ನು ವಾಪಸ್ ಸೇರಿಸಿಕೊಳ್ಳಲು ಅವನು ಒಪ್ಪಲೇಬೇಕಾಯಿತು. ಆಗ ಅಧಿಕಾರಿ ಮಾಸ್ಟರ್ ಕಡೆ ತಿರುಗಿ, ‘ಮಾಸ್ಟರ್‌ಜೀ, ಆಪ್ ರಾಜೀನಾಮಾ ಲಿಖ್ ದೀಜಿಯೇ. ದೋನೋ ಔರತೇಂ ಕಲ್ ಸೇ ಕಾಮ್ ಪರ್’ ಎಂದರು. ಅದನ್ನು ಬರೆದುಕೊಟ್ಟರೆ ಹೆಂಗಸರಿಬ್ಬರೂ ನಾಳೆಯಿಂದಲೇ ಕೆಲಸಕ್ಕೆ ಎಂದು ಹೇಳಿ ಊಟಕ್ಕೆ ಎದ್ದರು.

ಹಿಂದಿಯಲ್ಲಿ ರಾಜೀನಾಮಾ ಎಂದರೆ ರಾಜಿಪತ್ರ. ಜಗಳ ಮುಗಿಯಿತು, ಎರಡೂ ಕಡೆಯವರಿಗೆ ಒಪ್ಪಿಗೆ ಎಂದು ಬರೆದುಕೊಡುವ ಕಾಗದ. ಕೆಲಸ ಬಿಡುವುದಕ್ಕೆ ಅಲ್ಲಿ ಇಸ್ತೀಫಾ ಎನ್ನುತ್ತಾರೆ. ಕನ್ನಡದಲ್ಲಿ ಅದೇ ಮಾತಿಗೆ ಬೇರೆ ಅರ್ಥವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯಲ್ಲಿ ರಾಜೀನಾಮೆ ಕೊಟ್ಟವರಾದರೂ ಯಾರು? ಅಪ್ಪ ಸರ್ಕಾರಿ ನೌಕರಿಯಲ್ಲೇ ತಲೆ ನರೆತವರು.

ಹೊರಗೆ ವರಾಂಡದ ಬೆಂಚಿನ ಮೇಲೆ ಮಾಸ್ಟರ್ ಕುಳಿತರು. ಆಮೇಲೆ, ‘ರಾಜೀನಾಮೆ ಕೊಟ್ರೆ ಅವರಿಬ್ಬರನ್ನ ಖಂಡಿತ ತಕೊಳ್ತಾರಾ?’ ಎಂದು ಕೇಳಿದರು.

‘ಹೌದು ಮಾಸ್ಟರ್, ಸಾಹೇಬ್ರೇ ಹೇಳಿದ್ರಲ್ಲ.’

‘ಬೇರೆ ದಾರಿ ಇಲ್ವಾ?’

‘ಬೇರೆ ಯಾಕೆ? ಇದೇ ಅಚ್ಛಾ ಅಲ್ವಾ? ಕೊಟ್ಟುಬಿಡಿ’ ಎಂದೆ. ನಗುತ್ತಾ ಹೇಳಿದೆ. ನಗುತ್ತಾ!

ಅವರು ನನ್ನ ಮುಖವನ್ನೇ ನೋಡಿದರು. ‘ನೀನು ಹೇಳಿದ ಮೇಲೆ ಸರಿ. ಪೆನ್ನು ಕೊಡು’ ಎಂದರು. ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕನ್ನಡದಲ್ಲಿ ನಿಧಾನವಾಗಿ ಬರೆದು, ಸಹಿ ಮಾಡಿ ನನ್ನ ಕೈಗಿತ್ತರು.

ಅದನ್ನು ನಾನು ಹಿಂದಿಗೆ ತರಬೇಕಿತ್ತು. ಓದಲು ಬಾರದ್ದರಿಂದ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಎರಡೇ ನಿಮಿಷದಲ್ಲಿ ಅಮ್ಮನ ಫೋನು. ‘ಯಾರೇ ಇವರು? ಪಾಪ, ಕೆಲಸ ಬಿಡ್ತಿದಾರಲ್ಲೇ.’

‘ಇಲ್ಲಮ್ಮ, ಅದು ರಾಜೀನಾಮಾ.’

‘ಹೌದು ಕಣೇ, ರಾಜೀನಾಮೆ. ನಾನೂ ಅದನ್ನೇ ಹೇಳ್ತಿರೋದು. ರೆಸಿಗ್ನೇಷನ್!’

ತಿರುಗಿ ನೋಡಿದೆ. ಮಾಸ್ಟರ್ ಎಂಟು ಹೆಜ್ಜೆ ಆಚೆ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದರು. ಎಂಟೇ ಹೆಜ್ಜೆ. ಅವರ ಹತ್ತಿರ ಹೋಗುವ ಬದಲು ನಾನು ಮ್ಯಾನೇಜರನ ಹತ್ತಿರ ಹೋಗಿ ಹೇಳಿದೆ. ಅವನು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಜೇಬಿಗಿಟ್ಟುಕೊಂಡ. ‘ಖುದ್ ಲಿಖಾ ಹೈ ನಾ? ತುಮ್ ಚುಪ್ ರಹೋ’ ಎಂದ. ತಾನಾಗಿಯೇ ಬರೆದದ್ದಲ್ಲವಾ, ನೀನು ಸುಮ್ಮನಿರು ಅಂತ. ಮತ್ತೆ ಮೆಲ್ಲಗೆ, ‘ಅಗಲೇ ಮಹೀನೇ ತುಮ್ಹಾರಾ ಕನ್ಫರ್ಮೇಶನ್ ಹೈ’ ಎಂದ. ನನ್ನ ಕೆಲಸ ಖಾಯಂ ಆಗಲು ಒಂದು ತಿಂಗಳಿತ್ತು. ನನಗೆ ಯಾವ ಯೂನಿಯನ್ನೂ ಇರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ.

ಮಾಸ್ಟರಿಗೆ ಹಿಂದಿ ಬರೆಯಲು ಬಾರದು ಎಂದು ಮ್ಯಾನೇಜರ್ ಹೇಳಿದ್ದರಿಂದ, ಊಟ ಮುಗಿಸಿ ಬಂದ ಅಧಿಕಾರಿ ಹಿಂದಿಯಲ್ಲಿ ನಿಜವಾದ ರಾಜಿಪತ್ರ ಟೈಪ್ ಮಾಡಿಸಿದರು. ತಮ್ಮ ರಾಜೀನಾಮೆಯ ಹಿಂದಿ ಪ್ರತಿ ಎಂದುಕೊಂಡು ಮಾಸ್ಟರ್ ಅದಕ್ಕೂ ಸಹಿ ಮಾಡಿದರು. ಹೆಂಗಸರ ಕೆಲಸಕ್ಕೆ ಆ ಒಂದು ಕಾಗದವೇ ಸಾಕಾಗಿತ್ತು. ಮಾಸ್ಟರ್ ತಮ್ಮ ಕೆಲಸವನ್ನು ಸುಮ್ಮಸುಮ್ಮನೆ ಕೊಟ್ಟಿದ್ದರು. ನಾನು ಪಕ್ಕದಲ್ಲಿ ನಿಂತು ನೋಡಿದೆ, ಬಾಯಿ ಬಿಡಲಿಲ್ಲ.

ಮ್ಯಾನೇಜರನ ಜೇಬಿನಲ್ಲಿದ್ದ ಕಾಗದ ಕಂಟ್ರಾಕ್ಟರನ ಕೈ ಸೇರಿತು. ಮಾಸ್ಟರ್ ಹೋದ ಮೇಲೆ ಯೂನಿಯನ್ ಒಂದು ತಿಂಗಳೂ ಬಾಳಲಿಲ್ಲ. ಉಳಿದವರು ಹೆದರಿ ಸುಮ್ಮನಾದರು. ನನ್ನ ಕೆಲಸ ಖಾಯಂ ಆಯಿತು. ಐದು ತಿಂಗಳಿಗೆ ಹೊಸ ಕಂಟ್ರಾಕ್ಟರ್ ಬಂದ, ಆ ಇಬ್ಬರು ಹೆಂಗಸರನ್ನು ಸೇರಿಸಿಕೊಳ್ಳಲಿಲ್ಲ. ಯಾಕೆಂದು ಕೇಳುವವರು ಯಾರೂ ಉಳಿದಿರಲಿಲ್ಲ. ಅವರು ಎಲ್ಲಿಗೆ ಹೋದರೋ ನನಗೆ ಗೊತ್ತಿಲ್ಲ. ಕೊನೆಯ ದಿನವೂ ಕನ್ನಡದಲ್ಲೇ ಸಹಿ ಹಾಕಿದ್ದರು.

ಆಮೇಲಿನ ವರ್ಷ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ‘ಏ ಮಾರಾಯ್ತಿ!’ ಎಂಬ ಕೂಗು ಕೇಳಿ ತಿರುಗಿದೆ. ಯಾರದೋ ದೋಸೆ ಗಾಡಿಯ ಹಿಂದೆ ಮಾಸ್ಟರ್ ನಿಂತಿದ್ದರು. ಬಿಸಿಲಿಗೆ ಕಪ್ಪಿಟ್ಟು ಅರ್ಧ ಇಳಿದುಹೋಗಿದ್ದರು. ಕೇಳಿದ ಮೊದಲ ಮಾತೇ, ‘ಅವರಿಬ್ಬರು ಹೇಗಿದ್ದಾರೆ?’

‘ಚೆನ್ನಾಗಿದ್ದಾರೆ’ ಎಂದೆ.

ಅವರ ಮುಖ ಅರಳಿತು. ‘ಅಷ್ಟು ಸಾಕು. ಆ ದಿನ ನಂಗೆ ಸ್ವಲ್ಪ ಹೆದರಿಕೆ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ. ನೀನು ಕೊಡಿ ಅಂದ ಮೇಲೆ ಧೈರ್ಯ ಬಂತು. ನಮ್ಮ ಭಾಷೆಯವಳು ಒಬ್ಬಳು ಪಕ್ಕದಲ್ಲಿ ಇದ್ದಳಲ್ಲ’ ಎಂದು ಕೈ ಮುಗಿದರು. ನನಗೆ! ಅವರ ಖುಷಿಯನ್ನು ಕೆಡಿಸಬಾರದು ಎಂದು ಸುಮ್ಮನಿದ್ದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಅಲ್ಲ, ನಾನು ಹೇಡಿ. ಇವತ್ತಿಗೂ ಆಫೀಸಿನಲ್ಲಿ ಯಾರಾದರೂ ಕೆಲಸ ಬಿಡುವ ಪತ್ರ ತಂದಿಟ್ಟರೆ ಆ ಮುಗಿದ ಕೈಗಳು ಮೇಜಿನ ಆಚೆ ಕಾಣಿಸುತ್ತವೆ. ಅರ್ಥ ಗೊತ್ತಿದ್ದೇ ಬರೆದಿರಾ ಎಂದು ಎರಡೆರಡು ಸಲ ಕೇಳುತ್ತೇನೆ. ಇವಳಿಗೇನು ಹುಚ್ಚು ಎಂದು ಅವರು ನೋಡುತ್ತಾರೆ.

ಕಳೆದ ಚಳಿಗಾಲದಲ್ಲಿ ಮಾಸ್ಟರ್ ತೀರಿಕೊಂಡರು. ಗಾಡಿಯವನಿಂದ ವಿಷಯ ತಿಳಿದು, ಈಗಲಾದರೂ ಎಲ್ಲ ಹೇಳಿಬಿಡಬೇಕೆಂದು ಮುನಿರ್ಕಾದಲ್ಲಿದ್ದ ಅವರ ಕೋಣೆಗೆ ಹೋದೆ. ಅವರ ಹೆಂಡತಿ ಓದುತ್ತಿದ್ದ ಕನ್ನಡ ವಾರಪತ್ರಿಕೆಯನ್ನು ಬದಿಗಿಟ್ಟು, ‘ಬನ್ನಿ, ಇವ್ರು ಹೇಳ್ತಿದ್ದ ಆಫೀಸಿನ ಹುಡುಗಿ ನೀವೇ ಅಲ್ವಾ?’ ಎಂದು ಕೈ ಹಿಡಿದು ಕೂರಿಸಿಕೊಂಡರು. ‘ಜೀವನದಲ್ಲಿ ಹೆಚ್ಚೇನೂ ಮಾಡ್ಲಿಲ್ಲ, ಇಬ್ಬರ ಕೆಲಸ ಉಳಿಸಿದೆ ಅಂತಿದ್ರು. ಕೊನೇ ದಿನಗಳಲ್ಲೂ ಅದೇ ಮಾತು. ಉಳಿಸಿದ್ರು ಅಲ್ವಾ?’ ಎಂದು ಕೇಳಿದರು.

‘ಹೌದು, ಉಳಿಸಿದ್ರು’ ಎಂದು ಹೇಳಿ ಎದ್ದು ಬಂದೆ.

ಅಮ್ಮನ ಪಕ್ಕ ಕುಳಿತು ಅಕ್ಷರ ಕಲಿಯಲು ಶುರುಮಾಡಿದ್ದು ಆ ವಾರವೇ. ಬಾಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಮಾಸ್ಟರ ಹೆಂಡತಿಗೆ ಹಿಂದಿ ಬರುವುದಿಲ್ಲ, ಕನ್ನಡ ಓದಲು ಬರುತ್ತದೆ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ.