ಆರುನೂರು ಚೀಲಕ್ಕೆ ಒಂದು ಫಿಲಂ

ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಈ ಸೀಮೆಯಲ್ಲಿ ಯಾರಿಗೆ ಯಾರ ಜೊತೆ ಮದುವೆಯಾಯಿತು ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ. ಎಲ್ಲರ ಕೈಯಲ್ಲೂ ತಾಂಬೂಲದ ಚೀಲ. ಮದುವೆ ಮನೆಯಲ್ಲಿ ಅದರೊಳಗೆ ಹಾಕಿಕೊಟ್ಟ ತೆಂಗಿನಕಾಯಿ ಎರಡೇ ದಿನಕ್ಕೆ ಚಟ್ನಿಯಾಗಿರುತ್ತದೆ. ಗಂಡು ಹೆಣ್ಣಿನ ಹೆಸರು ಹೊತ್ತ ಚೀಲ ಮಾತ್ರ ವರ್ಷಗಟ್ಟಲೆ ಊರು ಸುತ್ತುತ್ತದೆ. ಒಬ್ಬರ ದಾಂಪತ್ಯದೊಳಗೆ ಈರುಳ್ಳಿ, ಇನ್ನೊಬ್ಬರದರೊಳಗೆ ಒಣಮೀನು. ಮತ್ತೊಂದನ್ನು ಮಳೆ ಹನಿಯಿತೆಂದು ಯಾರೋ ತಲೆಗೆ ಹಾಕಿಕೊಂಡಿರುತ್ತಾರೆ. ಇವುಗಳಲ್ಲಿ ಹೆಚ್ಚಿನವು ನನ್ನ ಅಂಗಡಿಯಿಂದ ಹೋದವು.

ನಾನು ಕಡೂರಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಕಲಿತವಳು. ಮದುವೆಯಾಗಿ ತರೀಕೆರೆಗೆ ಬಂದ ಮೇಲೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸ್ವಂತ ಅಂಗಡಿ ಇಟ್ಟೆ. ಕೆಲಸ ಸರಳ. ಅಕ್ಷರಗಳನ್ನು ಕಪ್ಪಾಗಿ ಒಂದು ಪಾರದರ್ಶಕ ಹಾಳೆಯ ಮೇಲೆ ತೆಗೆಸುತ್ತೇವೆ, ಅದೇ ಫಿಲಂ. ಮದ್ದು ಬಳಿದ ಬಟ್ಟೆಯ ಚೌಕಟ್ಟಿನ ಮೇಲೆ ಅದನ್ನಿಟ್ಟು ಬೆಳಕು ಬಿಟ್ಟರೆ, ಬೆಳಕು ಬಿದ್ದ ಕಡೆ ಮದ್ದು ಗಟ್ಟಿಯಾಗುತ್ತದೆ. ಅಕ್ಷರದ ನೆರಳಿದ್ದ ಕಡೆ ನೀರಿಗೆ ತೊಳೆದು ಹೋಗುತ್ತದೆ, ಅಲ್ಲಿಂದ ಬಣ್ಣ ಇಳಿಯುತ್ತದೆ. ಕಡೂರಿನಲ್ಲಾದರೆ ಬಿಸಿಲೇ ಸಾಕಿತ್ತು. ತರೀಕೆರೆಯ ಆಷಾಢವನ್ನು ನಂಬಿ ಕೂತರೆ ಕಾರ್ತಿಕದ ಮದುವೆಗೂ ಚೀಲ ಆಗುವುದಿಲ್ಲ. ಅದಕ್ಕೇ ದೀಪದ ಪೆಟ್ಟಿಗೆ ಮಾಡಿಸಿಕೊಂಡೆ. ಫಿಲಂ ಮಾತ್ರ ಈಗಲೂ ಕಡೂರಿನಿಂದಲೇ ಬರಬೇಕು.

ಹುಡುಗಿ ನೋಡುವ ಶಾಸ್ತ್ರದ ಹಾಗೆ ಫಿಲಂ ನೋಡುವ ಶಾಸ್ತ್ರವೂ ಒಂದಿದೆ. ಎರಡೂ ಕಡೆಯವರು ಕಾರು ಮಾಡಿಕೊಂಡು ಬರುತ್ತಾರೆ. ಅವರಲ್ಲಿ ಹಿರಿಯರೊಬ್ಬರು ಫಿಲಂ ಹಿಡಿದು, ಟ್ಯೂಬ್‌ಲೈಟಿನ ಕಡೆ ಎತ್ತಿ, ಹುಬ್ಬು ಗಂಟಿಕ್ಕಿ, "ಏನಮ್ಮ, ಎಲ್ಲ ಉಲ್ಟಾ ಬಂದೈತಲ್ಲ!" ಎನ್ನುತ್ತಾರೆ. ನಾನು ಅವರ ಕೈಯಲ್ಲಿದ್ದ ಫಿಲಂ ತಿರುಗಿಸಿ ಕೊಡುತ್ತೇನೆ. ಆಮೇಲೆ ಆ ಹಿರಿಯರು ಮರ್ಯಾದೆ ಉಳಿಸಿಕೊಳ್ಳಲು ಬೇರೇನಾದರೂ ತಪ್ಪು ಹುಡುಕಲೇಬೇಕಾಗುತ್ತದೆ.

ಮೂರು ವರ್ಷದ ಹಿಂದೆ ಒಂದು ಮದುವೆಗೆ ಹೀಗೇ ಆಯಿತು. ಹುಡುಗಿ ತರೀಕೆರೆ ಪಕ್ಕದ ಹಳ್ಳಿಯವಳು, ಕಡೂರಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ. ಗಂಡು ಅಜ್ಜಂಪುರದವನು. ಹುಡುಗಿಯ ತಂದೆ ತೆಂಗಿನ ತೋಟದ ಯಜಮಾನರು, ತಮ್ಮ ಕೊಬ್ಬರಿ ಚೀಲದ ಮೇಲೆ ಗುರುತು ಹಾಕಿಸಲು ಮೊದಲಿನಿಂದಲೂ ನನ್ನಲ್ಲಿಗೇ ಬರುವ ಗಿರಾಕಿ. ಆರುನೂರು ತಾಂಬೂಲದ ಚೀಲಕ್ಕೆ ಹೇಳಿದ್ದರು. ಗಂಡಿನ ಕಡೆಯಿಂದ ಬಂದವರು ಅವನ ದೊಡ್ಡಪ್ಪ. ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುವವರನ್ನು ಕಂಡಿದ್ದೇನೆ. ಇವರು ಆರಿಂಚಿನ ಸ್ಕೇಲ್ ಇಟ್ಟುಕೊಂಡಿದ್ದರು.

ಫಿಲಂ ತಿರುಗಿಸಿ ಕೊಟ್ಟ ಮೇಲೆ ಅವರು ಸ್ಕೇಲ್ ತೆಗೆದು ಎರಡು ಹೆಸರನ್ನೂ ಅಳೆದರು.

"ಎರಡೂ ಒಂದೇ ಅಳತೇಲಿ ಐತಲ್ಲಮ್ಮ. ಗಂಡಿನ ಕಡೆಯೋರು ಏನ್ ಅನ್ಕೋತಾರೆ?"

"ಗಂಡಿನ ಕಡೆಯೋರು ನೀವೇ ಅಲ್ವಾ?"

"ಹೌದು. ಅದಕ್ಕೇ ಹೇಳ್ತಿರೋದು."

ಕಡೂರಿಗೆ ಹೋಗಿ ಗಂಡಿನ ಹೆಸರನ್ನು ದಪ್ಪ ಮಾಡಿಸಿಕೊಂಡು ಬಂದೆ. ಅದು ಬೆಳೆದು ಹೋಗಿ ಮೇಲಿದ್ದ ಕಳಶದ ಚಿತ್ರಕ್ಕೆ ತಾಗಿತು. ಕಳಶಕ್ಕೆ ತಾಗಿದರೆ ಅಪಶಕುನ ಎಂದರು. ಕಳಶ ಚಿಕ್ಕದು ಮಾಡೋಣವೇ ಎಂದೆ. ದೇವರನ್ನು ಚಿಕ್ಕದು ಮಾಡಬಾರದಂತೆ. ಗಂಡಿನ ಹೆಸರನ್ನಂತೂ ಮಾಡುವಂತಿಲ್ಲ. ಉಳಿದದ್ದು ಒಂದೇ. ಮೂರನೇ ಸಲ ಕಡೂರಿಗೆ ಹೋಗಿ ಹುಡುಗಿಯ ಹೆಸರನ್ನು ಅರ್ಧಕ್ಕಿಳಿಸಿ ತಂದೆ.

ಆ ಮೂರನೇ ಫಿಲಂ ನೋಡಲು ಹುಡುಗಿಯೂ ಬಂದಿದ್ದಳು. ಹಿರಿಯರೆಲ್ಲ ಒಪ್ಪಿ ಕಾಫಿ ಕುಡಿಯುವಾಗ ಅವಳು ಫಿಲಂ ಹತ್ತಿರ ಹಿಡಿದು, "ಮೇಡಂ, ನನ್ ಹೆಸ್ರು ಓದಕ್ಕೆ ಬರುತ್ತಾ?" ಎಂದಳು.

"ಕನ್ನಡಕ ಇದ್ರೆ ಬರುತ್ತೆ ಬಿಡು" ಎಂದೆ ನಾನು. ಎಲ್ಲರೂ ನಕ್ಕರು, ಅವಳೂ ನಕ್ಕಳು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮದುವೆ ಅಜ್ಜಂಪುರದಲ್ಲಿ ಜೋರಾಗಿ ಆಯಿತು, ಚೀಲವೂ ಚೆನ್ನಾಗಿ ಬಂದಿತ್ತು. ಮದುವೆಯ ವರ್ಷ ತುಂಬುವ ಮೊದಲೇ ಹುಡುಗಿ ತವರಿಗೆ ವಾಪಸು ಬಂದಳು. ಬಂದವಳು ಮತ್ತೆ ಕಡೂರಿನ ಲ್ಯಾಬಿಗೆ ಹೋಗತೊಡಗಿದಳು. ಯಾಕೆ ಬಂದಳು ಎಂಬುದಕ್ಕೆ ಊರಿನಲ್ಲಿ ಬೇಕಾದಷ್ಟು ಕಾರಣ ತಯಾರಾದವು, ಅವಳನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲರ ಬಾಯಲ್ಲಿ.

ಒಂದು ದಿನ ಹುಡುಗಿಯ ತಂದೆ, ತೋಟದ ಯಜಮಾನರು, ಅಂಗಡಿಗೆ ಬಂದರು. ಕೊಬ್ಬರಿ ಚೀಲದ ವಿಷಯವೆಂದುಕೊಂಡೆ. ಅವರು ಸುತ್ತ ನೋಡಿ, ದನಿ ತಗ್ಗಿಸಿ, "ಆ ಮದ್ವೆ ಫಿಲಂ ಐತೇನಮ್ಮ? ಜೋಪಾನವಾಗಿ ಮಡಗಿರು. ಇವತ್ತಲ್ಲ ನಾಳೆ ಸರಿಹೋಯ್ತದೆ. ನಾಮಕರಣದ ಚೀಲಕ್ಕೂ ಇವ್ರಿಬ್ರದೇ ಹೆಸ್ರು ಹಾಕ್ಸಬೇಕಲ್ಲ" ಎಂದರು.

ಮಗಳು ಗಂಡನ ಮನೆಗೆ ಹೋಗುವುದಿಲ್ಲವೆಂದು ಕೂತಿದ್ದಾಳೆ, ಇವರು ಇನ್ನೂ ಹುಟ್ಟದ ಮೊಮ್ಮಗುವಿನ ಚೀಲಕ್ಕೆ ಫಿಲಂ ಉಳಿಸುತ್ತಿದ್ದಾರೆ. ನಗು ಬಂತು, ತಡೆದುಕೊಂಡೆ. ಹಳೇ ಗಿರಾಕಿ. "ಆಗ್ಲಿ ಯಜಮಾನ್ರೇ, ಎಲ್ಲೂ ಹೋಗಲ್ಲ" ಎಂದೆ. ಅದು ಸುಳ್ಳೇನಲ್ಲ. ನನ್ನದು ಏನನ್ನೂ ಬಿಸಾಡದ ಸ್ವಭಾವ. ತರೀಕೆರೆಯ ತೇವಕ್ಕೆ ಫಿಲಮ್ಮುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆಂದು ನಡುನಡುವೆ ಮಗುವಿನ ಪೌಡರ್ ಉದುರಿಸಿ ಟ್ರಂಕಿನಲ್ಲಿ ಇಡುತ್ತೇನೆ. ಟ್ರಂಕ್ ತೆಗೆದರೆ ತಾಲ್ಲೂಕಿನ ಮದುವೆಗಳೆಲ್ಲ ಬಾಣಂತಿ ಕೋಣೆಯ ಹಾಗೆ ಘಮಘಮ ಎನ್ನುತ್ತವೆ.

ಎಂಟು ದಿನ ಕಳೆದಿರಬೇಕು, ಮಗಳೇ ಬಂದಳು. ಲ್ಯಾಬಿನಿಂದ ಬಸ್ಸಿಳಿದು ನೇರವಾಗಿ ಬಂದಿದ್ದಳು.

"ಮೇಡಂ, ನನ್ ಮದ್ವೆ ಫಿಲಂ ನಂಗೆ ಕೊಟ್ಬಿಡಿ."

ಯಾಕೆ ಎಂದೆ.

"ದಿನಾ ಬಸ್ಸಲ್ಲಿ ಆ ಚೀಲ ನೋಡಿ ಸಾಕಾಗಿದೆ. ಯಾರದೋ ತೊಡೆ ಮೇಲೆ ಟಮೋಟ ಹೊತ್ಕೊಂಡು ಕೂತಿರುತ್ತೆ. ಮನೇಲೂ ಅಪ್ಪ ಸಂತೆಗೆ ಅದನ್ನೇ ತಗೊಂಡು ಹೋಗ್ತಾರೆ. ಇರೋ ಚೀಲಕ್ಕೆ ಏನೂ ಮಾಡಕ್ಕಾಗಲ್ಲ, ಗೊತ್ತು. ಇನ್ನೊಂದು ಆಗಬಾರ್ದು ಅಷ್ಟೆ. ಅಪ್ಪ ನನ್ನ ವಾಪಸ್ ಕಳಿಸ್ಬೇಕು ಅಂತಲೇ ಇದ್ದಾರೆ. ನಾನು ಹೋಗಲ್ಲ. ಅವನು ಹೊಡೀತಾನೆ."

ಲ್ಯಾಬಿನಲ್ಲಿ ರಿಪೋರ್ಟ್ ಓದಿ ಹೇಳುವ ದನಿಯಲ್ಲೇ ಹೇಳಿದಳು. ಆ ಅಜ್ಜಂಪುರದ ಸ್ಕೇಲು ಕೈಗೆ ಸಿಕ್ಕಿದ್ದರೆ ಮುರಿದು ಒಲೆಗೆ ಹಾಕುತ್ತಿದ್ದೆ. ಇಷ್ಟೆಲ್ಲ ಕೋಪ ಬಂದ ಮೇಲೆ ನಾನು ಮಾಡಿದ್ದೇನು? "ಹುಡುಕಬೇಕು, ನಾಳೆ ಬಾ" ಎಂದೆ. ಅಪ್ಪನಿಗೆ ಮಾತು ಕೊಟ್ಟಿದ್ದೆನಲ್ಲ. ಅಪ್ಪನ ಕೊಬ್ಬರಿ ಚೀಲ ವರ್ಷಾ ವರ್ಷ ಬರುತ್ತದೆ, ಮಗಳಿಗೆ ಚೀಲವೇ ಬೇಡ. ನನ್ನಂಥ ಧೈರ್ಯವಂತೆಗೆ ಇನ್ನೇನು ಹೊಳೆಯುತ್ತದೆ? ಟ್ರಂಕಿನಲ್ಲಿ ಅದೇ ಮದುವೆಯ ಬೇಡವಾದ ಮೊದಲ ಫಿಲಮ್ಮೂ ಇತ್ತು. ಅದನ್ನು ಮಗಳಿಗೆ ಕೊಡುವುದು, ಅಸಲಿಯನ್ನು ಅಪ್ಪನಿಗೆ ಉಳಿಸುವುದು. ಇಬ್ಬರಿಗೂ ಸಮಾಧಾನ. ಟ್ಯೂಬ್‌ಲೈಟಿಗೆ ಹಿಡಿದು ಉಲ್ಟಾ ಓದುವ ಜನಕ್ಕೆ ಯಾವ ಫಿಲಂ ಆದರೇನು ಎಂದುಕೊಂಡೆ.

ಮರುದಿನ ಬಂದಳು. ಕೊಟ್ಟೆ. ಅವಳು ಅದನ್ನು ಉಲ್ಟಾ ಹಿಡಿಯಲಿಲ್ಲ. ಮೊದಲನೇ ಸಲಕ್ಕೇ ಸರಿಯಾದ ಮಗ್ಗುಲಿಗೆ ತಿರುಗಿಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ತುಂಬಾ ಹೊತ್ತೇನೂ ನೋಡಲಿಲ್ಲ.

"ಇದಲ್ಲ ಮೇಡಂ. ಇದ್ರಲ್ಲಿ ನನ್ ಹೆಸ್ರು ಅವನಷ್ಟೇ ಇದೆ."

ಮೂರು ಸಲ ಕಡೂರಿಗೆ ಅಲೆದವಳು ನಾನು, ಅಳತೆ ನೆನಪಿಟ್ಟುಕೊಂಡವಳು ಅವಳು. ಸುಳ್ಳು ಹೇಳಿ ಸಿಕ್ಕಿಬಿದ್ದವರು ಒಮ್ಮೆಲೇ ಎಲ್ಲ ಒಪ್ಪಿಕೊಂಡು ಹಗುರಾಗುತ್ತಾರಲ್ಲ, ಹಾಗೆ ಅವಳ ಅಪ್ಪ ಬಂದದ್ದು, ನಾಮಕರಣದ ಮಾತು, ನಾನು ಕೊಟ್ಟ ವಚನ, ಎಲ್ಲ ಒದರಿಬಿಟ್ಟೆ. ಟ್ರಂಕಿನಿಂದ ಮೂರನೇ ಫಿಲಂ ತೆಗೆದು ಅವಳ ಕೈಗಿಟ್ಟೆ. "ಹರಿದಾಕು, ಸುಡು, ಏನಾದ್ರೂ ಮಾಡ್ಕೊ" ಎಂದೆ.

"ನಾಮಕರಣಕ್ಕಾ?" ಎಂದಳು. ಕೂತಳು. ಫಿಲಮ್ಮನ್ನು ತೊಡೆಯ ಮೇಲಿಟ್ಟುಕೊಂಡು, "ಬ್ಲೇಡ್ ಇದ್ಯಾ?" ಎಂದಳು.

ತಪ್ಪಾದ ಅಕ್ಷರದ ಕಪ್ಪನ್ನು ಫಿಲಮ್ಮಿನಿಂದ ಕೆರೆದು ತೆಗೆಯಲು ನಾನು ಬ್ಲೇಡ್ ಇಟ್ಟುಕೊಂಡಿರುತ್ತೇನೆ. ಕೊಟ್ಟೆ. ಅವಳು ಫಿಲಮ್ಮನ್ನು ದೀಪದ ಪೆಟ್ಟಿಗೆಯ ಗಾಜಿನ ಮೇಲೆ ಹರಡಿ ಕೆರೆಯತೊಡಗಿದಳು. ಲ್ಯಾಬಿನಲ್ಲಿ ಪಳಗಿದ ಕೈ. ಅವನ ಹೆಸರು ಅಷ್ಟು ದಪ್ಪ ಮಾಡಿಸಿದ್ದಾರೆ, ಕೆರೆದು ಮುಗಿಯುವಾಗ ಕಡೂರಿನ ಮುಂದಿನ ಬಸ್ಸೂ ಬಂದಿರುತ್ತದೆ ಎಂದುಕೊಂಡು ಒಳಗೆ ಕಾಫಿಗಿಡಲು ಹೋದೆ. ಲೋಟ ಹಿಡಿದು ಬಂದಾಗ ಅವಳು ಕಪ್ಪು ಪುಡಿಯನ್ನು ಊದಿ ಎದ್ದು ನಿಂತಿದ್ದಳು. ಅವನ ಹೆಸರು ಇದ್ದ ಹಾಗೇ ಇತ್ತು. ಕೆಳಗೆ 'ಚಿ. ಸೌ.' ಎಂಬುದರ ಮುಂದಿನ ಜಾಗ ಖಾಲಿ.

"ಅಪ್ಪಂಗೆ ಕೊಟ್ಟ ಮಾತು ಉಳಿಸ್ಕೊಳಿ ಮೇಡಂ. ಫಿಲಂ ನಿಮ್ಮತ್ರಾನೇ ಇರ್ಲಿ. ಅದ್ರಲ್ಲಿ ನಾನಿಲ್ಲ, ಅಷ್ಟೆ."

ಕಾಫಿ ಕುಡಿದೇ ಹೋದಳು. ನಾನು ಫಿಲಮ್ಮಿಗೆ ಪೌಡರ್ ಹಚ್ಚಿ ಟ್ರಂಕಿನಲ್ಲಿಟ್ಟೆ.

ಹದಿನೈದು ದಿನಕ್ಕೆ ಯಜಮಾನರು ಬಂದರು, ಮುಖ ಅರಳಿತ್ತು. "ಭಾನುವಾರ ಅಜ್ಜಂಪುರದೋರು ಬತ್ತಾವ್ರೆ ಕಣಮ್ಮ. ನಾಕು ಜನ ಕೂತು ಮಾತಾಡಿ ಕಳಿಸ್ಕೊಟ್ಬಿಡೋದು. ಆ ಫಿಲಂ ಒಂದ್ಸಲ ತೆಗಿ, ನೋಡ್ತೀನಿ" ಎಂದರು. ಅದನ್ನು ಈಗ ನೋಡಿ ಏನಾಗಬೇಕಿತ್ತೋ ಅವರಿಗೇ ಗೊತ್ತು. ತೆಗೆದು ಕೊಟ್ಟೆ.

ಅವರು ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿದು ಗಟ್ಟಿಯಾಗಿ ಓದಿದರು. ಅಳಿಯನ ಹೆಸರು ಓದಿದರು. ಮಗಳ ಹೆಸರನ್ನೂ ಓದಿದರು, ಇನಿಷಿಯಲ್ ಸಮೇತ. ಅಲ್ಲಿ ಬರೀ ಗಾಜಿನಂಥ ಹಾಳೆಯಿತ್ತು; ಅವರು ಬಾಯಿಪಾಠವಾದದ್ದನ್ನು ಓದಿಕೊಂಡು ಹೋದರು.

"ಸರಿಯಾಗೈತೆ. ಮಡಗಿರು."

ನನ್ನ ಬಾಯಿ ಸುಮ್ಮನಿರಲಿಲ್ಲ. "ಇನ್ನೊಂದ್ಸಲ ನೋಡಿ ಯಜಮಾನ್ರೇ" ಎಂದೆ.

ಅವರು ಮತ್ತೆ ಎತ್ತಿ ಹಿಡಿದರು. ಕನ್ನಡಕ ಸರಿ ಮಾಡಿಕೊಂಡರು. ಪೌಡರ್ ಮೆತ್ತಿಕೊಂಡಿದೆಯೆಂದು ಟವೆಲಿನ ತುದಿಯಿಂದ ಆ ಜಾಗ ಒರೆಸಿದರು. ಬೆಳಕಿಗೆ ಹಿಡಿದು ನೋಡಿ ಇನ್ನೊಮ್ಮೆ ಒರೆಸಿದರು.

"ಯಾರು ಕೆರೆದಿದ್ದು?"

"ಅವಳೇ."

ಫಿಲಮ್ಮನ್ನು ನಿಧಾನಕ್ಕೆ ಕೌಂಟರಿನ ಮೇಲಿಟ್ಟರು. "ನಿನ್ನತ್ರ ಏನಾರ ಹೇಳಿದ್ಲೇನಮ್ಮ?" ಎಂದರು.

ಅಷ್ಟು ದಿನ ತಡೆದಿದ್ದ ಸಿಟ್ಟೆಲ್ಲ ಆಗ ಹೊರಗೆ ಬಂತು. "ಒಂದೇ ಮನೇಲಿ ಇದ್ದೀರಿ. ಒಂದೇ ಒಲೆ ಅನ್ನ ತಿಂತೀರಿ. ಭಾನುವಾರ ನಾಕು ಜನನ್ನ ಕೂರಿಸ್ತೀರಂತೆ. ಯಾಕೆ ಬಂದೆ ಮಗಳೇ ಅಂತ ಅವಳನ್ನ ಒಂದು ಮಾತು ಕೇಳಕ್ಕೆ ಏನ್ ಕಷ್ಟ ನಿಮಗೆ?"

ಹಳೇ ಗಿರಾಕಿ ತಿರುಗಿ ಬೈಯುತ್ತಾರೆ ಎಂದುಕೊಂಡೆ. ಅವರು ಆ ಖಾಲಿ ಜಾಗದ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು.

"ಹೆದ್ರಿಕೆ ಕಣಮ್ಮ" ಎಂದರು. "ಕೇಳಿದ್ರೆ ಹೇಳ್ಬಿಡ್ತಾಳೆ."