ಆಟೋ ಹಿಂದಿನ ನಂಬರು

ಕ್ಯಾತ್ಸಂದ್ರ ರೈಲ್ವೆ ಸ್ಟೇಷನ್ನಿನಲ್ಲಿ ನನ್ನ ಆಟೋ ಹತ್ತಿದವರೊಬ್ಬರು ಸಂಜೆ ವಾಪಸ್ ಬರೋಕೂ ನಿಮ್ಮನ್ನೇ ಕರೀತೀನಿ ಅಂತ ನನ್ನ ನಂಬರ್ ಸೇವ್ ಮಾಡ್ಕೊಂಡರು. ಸ್ವಲ್ಪ ದೂರ ಹೋಗೋಷ್ಟರಲ್ಲಿ ಹಿಂದಿನ ಸೀಟಲ್ಲಿ ಗೊಣಗಾಟ ಶುರುವಾಯ್ತು. "ಲೂಡೊ ಆಡೋಕೆ ಅಕೌಂಟ್ ಮಾಡಿದ್ರೆ, ಫೋನಲ್ಲಿರೋರ ನಂಬರೆಲ್ಲ ಬೇಕಂತೆ. ಹಾಳಾಗ್ಹೋಗ್ಲಿ, ಒಪ್ಪಿಗೆ ಅಂತ ಒತ್ತಿಬಿಡ್ತೀನಿ."

ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. "ಒತ್ತಬೇಡಿ ಸಾರ್. ಅದ್ರಲ್ಲಿ ನನ್ನ ನಂಬರೂ ಇದೆ."

"ಏನ್ರೀ ನೀವು! ಅದೇ ನಂಬರನ್ನ ಆಟೋ ಹಿಂದೆ ಊರಿಗೆಲ್ಲ ಕಾಣೋ ಹಾಗೆ ಬರೆಸಿದೀರಲ್ಲ?"

"ಅದು ಬಾಡಿಗೆಗೆ ಕರೀಲಿ ಅಂತ ನಾನು ಬರೆಸಿದ್ದು. ಇದು ನನ್ನ ಕೇಳದೆ ನೀವು ಕೊಡ್ತಿರೋದು."

"ಟೈಮ್ ಆಯ್ತು, ನಡೀರಿ."

"ನೀವು ಬೇಡ ಅಂತ ಒತ್ತೋವರೆಗೂ ಗಾಡಿ ಹೋಗಲ್ಲ." ಕೀ ತೆಗೆದು ಜೇಬಿಗೆ ಹಾಕ್ಕೊಂಡೆ.

ಅವರು ನನ್ನ ಮುಖ ನೋಡಿದರು, ಫೋನ್ ನೋಡಿದರು, ಕೊನೆಗೆ 'ಬೇಡ' ಒತ್ತಿದರು. ಯಾರ ನಂಬರೂ ಕೊಡದೆ ಇದ್ರೂ ಆಟ ಆರಾಮಾಗಿ ತೆರೆದುಕೊಂಡಿತು. ನಾನು ಕೀ ಹಾಕಿ ಗಾಡಿ ಬಿಟ್ಟೆ. ಅವರು ಇಳಿಯಬೇಕಿದ್ದ ಬಸ್ ಸ್ಟ್ಯಾಂಡ್ ಬರೋವರೆಗೂ ಆಟದಿಂದ ತಲೆ ಎತ್ತಲಿಲ್ಲ.

ಸಂಜೆ ಅವರ ಫೋನ್ ಬರಲಿಲ್ಲ. ನನ್ನ ನಂಬರ್ ಬೇರೆಯವರಿಗೆ ಕೊಡಬೇಡಿ ಅಂದಿದ್ದೆ ಅಷ್ಟೇ. ಅವರು ತಮ್ಮ ಫೋನಲ್ಲೂ ಉಳಿಸಿಕೊಂಡಿಲ್ಲ ಅಂತ ಕಾಣುತ್ತೆ.