ಸಂಜೆಗೆ ಇಳಿಯುವ ರೆಪ್ಪೆ

ಅಪ್ಪನ ಯಾವ ಕಣ್ಣಿನ ರೆಪ್ಪೆ ಮೊದಲು ಇಳಿಯಿತು ಎಂದು ನನಗೆ ಗೊತ್ತಿಲ್ಲ. ಎಡಗಣ್ಣು ಎಂದು ಬರೆದರೆ ಎಡಗಣ್ಣೇ ಕಾಣಿಸುತ್ತದೆ. ಹೊಡೆದುಹಾಕಿ ಬಲಗಣ್ಣು ಎಂದು ಬರೆದರೆ ಅದೂ ಅಷ್ಟೇ ನಿಜವೆನಿಸುತ್ತದೆ. ಎಪ್ಪತ್ತರ ದಶಕದ ನಡುವಿನ ಯಾವುದೋ ವರ್ಷ. ಹೊಸದುರ್ಗದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಪ್ಪನ ಹೊಲಿಗೆ ಅಂಗಡಿ. ಬಟ್ಟೆ ಕತ್ತರಿಸುವುದು ಅಪ್ಪ. ಮಿಷನ್ ತುಳಿಯುವುದು, ಕಾಜ ಹೊಲಿಯುವುದು ಇಪ್ಪತ್ತು ದಾಟಿದ್ದ ಮಗಳು ನಾನು. ಕತ್ತರಿಯನ್ನು ಅಪ್ಪ ಯಾರ ಕೈಗೂ ಕೊಡುತ್ತಿರಲಿಲ್ಲ. ತಪ್ಪು ಹೊಲಿಗೆಯನ್ನು ಬಿಚ್ಚಬಹುದಿತ್ತು, ತಪ್ಪಾಗಿ ಕತ್ತರಿಸಿದ ಬಟ್ಟೆಗೆ ದಾರಿಯಿರಲಿಲ್ಲ.

ಆ ವರ್ಷ ಎರಡು ಸಲ ಹಾಗಾಯಿತು. ಮೊದಲು ಒಂದು ರೇಷ್ಮೆ ರವಿಕೆ, ಆಮೇಲೆ ಮಾಡದಕೆರೆಯ ಮೇಷ್ಟ್ರೊಬ್ಬರ ಪ್ಯಾಂಟು. ಎರಡನ್ನೂ ಕತ್ತರಿಸಿದ್ದು ಮಧ್ಯಾಹ್ನದ ಮೇಲೆ. ಅದನ್ನು ಯಾರೂ ಗಮನಿಸಲಿಲ್ಲ, ನಾನೂ.

ಹೊತ್ತು ಏರಿದಂತೆ ಅಪ್ಪನ ರೆಪ್ಪೆಗಳು ಇಳಿಯುತ್ತಿದ್ದವು. ಗದ್ದ ಮೇಲೆತ್ತಿ, ಹಣೆ ಸುಕ್ಕು ಮಾಡಿಕೊಂಡು, ಉಳಿದ ಸಂದಿಯಲ್ಲಿ ಜನರನ್ನು ನೋಡುತ್ತಿದ್ದ. ಕೆಲವರು ಅದನ್ನು ಸೊಕ್ಕು ಅಂದರು.

"ಏನ್ ಟೈಲರಣ್ಣ, ಮಧ್ಯಾಹ್ನಕ್ಕೇ ಹಾಕ್ಕಂಡು ಬಂದೀಯೇನು?" ಎಂದ ಅಂಗಿ ಹೊಲಿಸಲು ಬಂದಿದ್ದ ತೆಂಗಿನಕಾಯಿ ವ್ಯಾಪಾರಿ.

"ನಿಮ್ಮಷ್ಟು ಪುಣ್ಯ ನಾನೆಲ್ಲಿ ಮಾಡೀನಿ ಬಿಡ್ರಿ."

"ಅಳತೆ ತಗಂಬಕಾದ್ರೂ ಕಣ್ಣು ಬಿಡಪ್ಪ. ತೋಳು ಅಂತ ಕಾಲು ಅಳ್ದೀಯ."

ಅಪ್ಪನೂ ನಕ್ಕ. ಆದರೆ ವ್ಯಾಪಾರಿ ಬಟ್ಟೆಯನ್ನು ಎದುರಿನ ಹೊಲಿಗೆ ಅಂಗಡಿಗೆ ಕೊಟ್ಟ. ಆ ಸಂಜೆ ಬಾಗಿಲು ಹಾಕುವಾಗ ಅಪ್ಪ, "ಇನ್ನೊಂದು ಬಟ್ಟೆ ಕೆಟ್ರೆ ಕತ್ತರಿ ಕೆಳಗಿಡ್ತೀನಿ ಕಣವ್ವ" ಎಂದ. ಮೂವತ್ತು ವರ್ಷದ ಕೈ ಅದು.

ಅವ್ವ ರೆಪ್ಪೆಗೆ ಹರಳೆಣ್ಣೆ ಸವರಿದಳು. ಅಪ್ಪ ಗಾಯಕ್ಕೆ ಹಾಕುವ ಅಂಟುಪಟ್ಟಿಯಿಂದ ರೆಪ್ಪೆಯನ್ನು ಹುಬ್ಬಿಗೆ ಎಳೆದು ಅಂಟಿಸಿಕೊಂಡ. ಕಣ್ಣು ಮಿಟುಕಿಸಲಾಗದೆ ನೀರು ಸುರಿಯಿತೇ ಹೊರತು ಗೆರೆ ನೆಟ್ಟಗೆ ಬರಲಿಲ್ಲ.

ಚಿತ್ರದುರ್ಗದ ಆಸ್ಪತ್ರೆಗೆ ಮೂರು ಸಲ ಹೋದೆವು. ಮೂರು ಸಲವೂ ಮೊದಲ ಬಸ್ಸು. ಅಪ್ಪ ದಾರಿಯುದ್ದಕ್ಕೂ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡುತ್ತಿದ್ದ. ಇಳಿದವನೇ ಆಸ್ಪತ್ರೆ ಅಂಗಳದ ನಲ್ಲಿಯಲ್ಲಿ ತಣ್ಣೀರು ಎರಚಿಕೊಂಡು ಕಣ್ಣು ತೊಳೆಯುತ್ತಿದ್ದ. "ಡಾಕ್ಟ್ರ ಮುಂದೆ ಜೋಲು ಮುಖ ಹೊತ್ಕಂಡು ಹೋಗಬಾರ್ದು." ಒಳಗೆ ಹೋದಾಗ ಕಣ್ಣು ಚೆನ್ನಾಗಿ ತೆರೆದಿರುತ್ತಿತ್ತು. ಮೊದಲ ಸಲ ಟಾನಿಕ್ ಬರೆದರು, ಎರಡನೆಯ ಸಲ ಕನ್ನಡಕ, ಮೂರನೆಯ ಸಲ ವಯಸ್ಸಾಯಿತು ಅಂದರು. ಸಂಜೆ ಹೀಗಾಗುತ್ತದೆ ಎಂದು ನಾವು ಹೇಳಲಿಲ್ಲ. ಕಣ್ಣು ನೆಟ್ಟಗಿರುವಾಗ ಕೆಟ್ಟಿದೆ ಎನ್ನುವುದು ಸುಳ್ಳು ಹೇಳಿದಂತೆ ಅನ್ನಿಸುತ್ತಿತ್ತು.

ನಾಲ್ಕನೆಯ ಸಲ ಬಸ್ಸು ಹೊಳಲ್ಕೆರೆಯಲ್ಲಿ ಕೆಟ್ಟು ನಿಂತಿತು. ಗಂಟೆಗಟ್ಟಲೆ ಬಿಸಿಲಲ್ಲಿ ಕಾದೆವು. ಅಪ್ಪ ವಾಪಸ್ ಹೋಗಾಣ ಅಂದ, ನಾನು ಒಪ್ಪಲಿಲ್ಲ. ಅಥವಾ ನಾನು ಅಂದೆ, ಅವನು ಒಪ್ಪಲಿಲ್ಲ. ಚಿತ್ರದುರ್ಗ ಮುಟ್ಟುವಾಗ ನಾಲ್ಕು ದಾಟಿತ್ತು. ಅಂದು ನಲ್ಲಿಯಲ್ಲಿ ನೀರೂ ಇರಲಿಲ್ಲ ಎಂದು ನನ್ನ ನೆನಪು. ಕತೆಗೆ ಇಷ್ಟು ಸರಿಯಾಗಿ ಹೊಂದುವ ನೆನಪನ್ನು ನಾನು ನಂಬುವುದಿಲ್ಲ. ನೀರಿದ್ದಿರಬಹುದು, ತೊಳೆಯುವಷ್ಟು ಚೈತನ್ಯ ಇಲ್ಲದಿದ್ದಿರಬಹುದು.

ಸಂಜೆ ಇದ್ದವರು ಬೇರೆ ಡಾಕ್ಟರು, ವಯಸ್ಸಿನಲ್ಲಿ ಚಿಕ್ಕವರು. ಅಪ್ಪ ಗದ್ದ ಎತ್ತಿಕೊಂಡು ಒಳಗೆ ಬಂದದ್ದನ್ನೇ ನೋಡುತ್ತಿದ್ದರು. ಹಿಂದಿನ ಮೂರು ಸಲದ ಚೀಟಿಗಳನ್ನು ಇಸಿದುಕೊಂಡರು.

"ಕುಂತ್ಕಳ್ರಿ. ಬೆಳಿಗ್ಗೆನೂ ಹಿಂಗೇ ಇರುತ್ತಾ?"

"ಇಲ್ಲ ಸಾರ್. ಬೆಳಿಗ್ಗೆ ಏನೂ ಇರಲ್ಲ. ಬರ್ತಾ ಬರ್ತಾ ಇಳೀತೈತೆ" ಎಂದ ಅಪ್ಪ.

"ಇದನ್ನ ಮೊದಲೇ ಯಾಕ್ರಿ ಹೇಳ್ಲಿಲ್ಲ?"

"ಕೇಳ್ಲಿಲ್ಲ ಸಾರ್."

ಡಾಕ್ಟರು ನಕ್ಕರು. ಮೇಲೆ ತಿರುಗುತ್ತಿದ್ದ ಫ್ಯಾನನ್ನು ತಲೆ ಎತ್ತದೆ, ಕಣ್ಣು ಕದಲಿಸದೆ ನೋಡಲು ಹೇಳಿದರು. ಸ್ವಲ್ಪ ಹೊತ್ತಿಗೆ ಎರಡು ರೆಪ್ಪೆಗಳೂ, ಒಂದು ಬೇಗ ಒಂದು ತಡವಾಗಿ, ಇಳಿದವು.

"ಒಂದು ವಸ್ತು ಎರಡಾಗಿ ಕಾಣುತ್ತಾ?"

ಅಪ್ಪ ನನ್ನ ಕಡೆ ನೋಡಿ, ಮುಖ ಬೇರೆ ಕಡೆ ತಿರುಗಿಸಿದ. "ಸೂಜಿ ಎರಡು ಕಾಣ್ತವೆ ಸಾರ್. ಸೀಮೆಸುಣ್ಣದ ಗೆರೆನೂ ಎರಡು. ಕೆಳಗಿಂದು ನಿಜದ್ದು ಅಂತ ಲೆಕ್ಕ ಇಟ್ಕಂಡಿದ್ದೆ. ಎರಡು ಸಲ ತಪ್ತು."

ಬಟ್ಟೆ ಕತ್ತರಿಸುವ ಹಲಗೆಯ ಇನ್ನೊಂದು ಬದಿಗೇ ಕೂತು ಕೆಲಸ ಮಾಡುತ್ತಿದ್ದ ನನಗೆ ಇದು ಗೊತ್ತಿರಲಿಲ್ಲ.

ಒಂದು ಇಂಜೆಕ್ಷನ್ ಕೊಟ್ಟು ಬೆಂಚಿನ ಮೇಲೆ ಕೂರಿಸಿದರು. ಅರ್ಧ ಗಂಟೆಯೊಳಗೆ ರೆಪ್ಪೆಗಳು ಮೇಲೆ ಹೋದವು. ಅಪ್ಪ ಗದ್ದ ಕೆಳಗಿಳಿಸಿ, ಕುತ್ತಿಗೆಯ ಹಿಂಭಾಗವನ್ನು ಉಜ್ಜಿಕೊಂಡ. ರೋಗ ರೆಪ್ಪೆಯದ್ದಲ್ಲ ಎಂದರು ಡಾಕ್ಟರು. ನರ ಹೇಳಿದ್ದು ಸ್ನಾಯುವಿಗೆ ಸರಿಯಾಗಿ ಮುಟ್ಟುತ್ತಿಲ್ಲ. ಬಳಸಿದಷ್ಟೂ ಸೋಲುತ್ತದೆ, ಬಿಡುವು ಕೊಟ್ಟರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ದಿನಕ್ಕೆ ಇಂತಿಷ್ಟು ಮಾತ್ರೆ. ನುಂಗಲು ಕಷ್ಟವಾದರೆ, ಉಸಿರು ಕಟ್ಟಿದಂತಾದರೆ ತಡಮಾಡದೆ ಬರಬೇಕು.

"ವಾಸಿ ಆಗುತ್ತಾ ಸಾರ್?" ನಾನು ಕೇಳಿದೆ.

"ಹತೋಟಿಗೆ ಬರುತ್ತಮ್ಮ."

"ಕತ್ತರಿ ಹಿಡೀಬೌದಾ?" ಇದು ಅಪ್ಪ.

"ಎರಡು ಕಾಣ್ದೇ ಇದ್ದಾಗ ಹಿಡೀರಿ."

ಇಷ್ಟೇ ಸಿಕ್ಕಿದ್ದು. ಬೆಳಿಗ್ಗೆ ಮಾತ್ರೆ ನುಂಗಿ, ಅದು ಹಿಡಿಯುವವರೆಗೆ ಅಪ್ಪ ಸುಮ್ಮನೆ ಕೂರುತ್ತಿದ್ದ. ಆಮೇಲೆ ಬಿಳಿ ಗೋಡೆಗೆ ಎದುರಾಗಿ ಸೂಜಿ ಹಿಡಿದು ನೋಡುತ್ತಿದ್ದ. ಒಂದೇ ಕಂಡರೆ ಕತ್ತರಿ ಎತ್ತಿಕೊಂಡು ಊಟದ ಹೊತ್ತಿಗೆ ಆ ದಿನದ್ದನ್ನೆಲ್ಲ ಕತ್ತರಿಸಿ ಮುಗಿಸುತ್ತಿದ್ದ. ಮಾತ್ರೆಗೆ ಹೊಟ್ಟೆ ನುಲಿಯುತ್ತಿತ್ತು. ಕೆಲವು ದಿನ ಬೆಳಿಗ್ಗೆಯೇ ಎರಡು ಕಾಣುತ್ತಿತ್ತು. ಅಂದು ಕತ್ತರಿ ಮೊಳೆಯಲ್ಲೇ ನೇತಾಡುತ್ತಿತ್ತು. ಬಟ್ಟೆ ಮಾತ್ರ ಮತ್ತೆ ಕೆಡಲಿಲ್ಲ.

ಒಂದು ಸಂಜೆ ಹಿರಿಯೂರು ಕಡೆಯ ಹೆಂಗಸೊಬ್ಬಳು ಲಂಗದ ಬಟ್ಟೆ ತಂದಳು. ಮಗಳಿಗೆ ನಾಳೆಯೇ ಬೇಕಂತೆ. ಮೊದಲಾಗಿದ್ದರೆ ಅಪ್ಪ ಬಟ್ಟೆ ಇಸಿದುಕೊಂಡು ಬೆಳಕಿನ ಕಡೆ ತಿರುಗುತ್ತಿದ್ದ.

"ಸಂಜೆ ಹೊತ್ತು ನಾನು ಕತ್ತರ್ಸಲ್ಲ ಕಣಮ್ಮ. ಕಣ್ಣು ನಿಲ್ಲಲ್ಲ. ಬೆಳಿಗ್ಗೆ ಬರ್ರಿ."

ಗಿರಾಕಿಯ ಮುಂದೆ ಅವನು ಆ ಮಾತು ಹೇಳಿದ್ದು ಅದೇ ಮೊದಲು. ಆಕೆ ಬಟ್ಟೆ ಸುತ್ತಿಕೊಂಡು ಹೋದಳು. ಅಪ್ಪ ಹಿಂದಿನಿಂದ ಕರೆಯಲಿಲ್ಲ. ಗೋಡೆಗೆ ಒರಗಿ, ತಾನಾಗಿಯೇ ಕಣ್ಣು ಮುಚ್ಚಿದ. ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು. ನಾನು ಎಬ್ಬಿಸಲಿಲ್ಲ. ಇನ್ನೂ ಎರಡು ಅಂಗಿಗಳ ಕಾಲರು ಬಾಕಿಯಿದ್ದವು.